ಹುಸೇನಬಿ ಸುಡದೆ ಬಿಟ್ಟ ಊರು

ಡಂಬಳ, ಕಪ್ಪತಗುಡ್ಡದ ಬುಡ
ಗಾಳಿಯೆಣಿಕೆ ನೂರಾ ಎಂಬತ್ತೇಳು, ಎರಡನೆಯ ಆಷಾಢದ ಮೂವತ್ತಮೂರನೆಯ ದಿನ

ಆಟಗಳನ್ನು ಮಾಡಿದವರಿಗೆ, ಆಡಿದವರಿಗೆ, ಆಡಿದ್ದರ ಬಗ್ಗೆ ಬರೆದವರಿಗೆ,

ಈ ತೇದಿ ನಿಮ್ಮ ಪಂಚಾಂಗದಲ್ಲಿ ಸಿಗುವುದಿಲ್ಲ. ಗುಡ್ಡದ ಮೇಲೆ ನೀವು ನೆಟ್ಟು ಬಿಟ್ಟುಹೋದ ಗಾಳಿಯಂತ್ರಗಳಲ್ಲಿ ಮೊದಲನೆಯದನ್ನು ನಮ್ಮ ಹಿರಿಯರು ದುರಸ್ತಿ ಮಾಡಿ ಮತ್ತೆ ತಿರುಗಿಸಿದ ದಿನದಿಂದ ನಾವು ವರ್ಷ ಎಣಿಸುತ್ತೇವೆ. ಗಾಳಿ ಈಗ ಹೆಚ್ಚು ಕಾಲ ಬೀಸುವುದರಿಂದ ಆಷಾಢವನ್ನು ಎರಡು ಮಾಡಿಕೊಂಡು, ತಿಂಗಳ ದಿನಗಳನ್ನೂ ಮೂವತ್ತರಾಚೆಗೆ ಹಿಗ್ಗಿಸಿಕೊಂಡಿದ್ದೇವೆ. ನನ್ನ ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಬರಹದ ಕನ್ನಡವನ್ನು ನಾನು ಯಾವ ಶಾಲೆಯಲ್ಲೂ ಕಲಿಯಲಿಲ್ಲ; ನಿಮ್ಮ ಆಟಗಳ ಬಗ್ಗೆ ನಮ್ಮ ಹಿರಿಯರು ಬರೆದು ದಾರದಿಂದ ಹೊಲಿದಿಟ್ಟ ಕರಪತ್ರಗಳನ್ನು ಓದಿ ಕಲಿತೆ. ಅವುಗಳಲ್ಲಿ ಮುಕ್ಕಾಲು ಪಾಲು ನಿಮ್ಮನ್ನು ಬೈದು ಬರೆದಂಥವು. ನಾನು ನಿಮ್ಮನ್ನು ದ್ವೇಷಿಸುತ್ತಲೇ ಅಕ್ಷರ ತಿದ್ದಿದವಳು.

ಹಿಂದಕ್ಕೆ ಹೋಗುವ ಅಂಚೆ ಇಲ್ಲವೆಂದು ನಮಗೂ ಗೊತ್ತು. ಆದರೂ ನಮ್ಮಲ್ಲಿ ಒಂದು ಪದ್ಧತಿಯಿದೆ. ಆಟವಾಚನದ ಮನೆಯಿಂದ ಹೊರಬೀಳುವವರು ತಾವು ಕೊನೆಗೆ ಓದಿದ ಆಟದ ಕಾಲದವರಿಗೆ ಒಂದು ಕಾಗದ ಬರೆದು, ಅದನ್ನು ಆ ಆಟದ ಡಬ್ಬಿಯಲ್ಲಿಟ್ಟು ಹೋಗಬೇಕು. ನಾನು ನಿನ್ನೆ ಹೊರಬಿದ್ದೆ. ಆದ್ದರಿಂದ ಬರೆಯುತ್ತಿದ್ದೇನೆ.

ಆಟವಾಚನ ಎಂದರೆ ಏನೆಂದು ಹೇಳಬೇಕು. ನಿಮ್ಮ ಕಾಲದಲ್ಲಿ ಕಾವ್ಯವನ್ನು ಒಬ್ಬರು ಹಾಡಿ ಇನ್ನೊಬ್ಬರು ಅರ್ಥ ಹೇಳುತ್ತಿದ್ದರಂತೆ. ನಾವು ನಿಮ್ಮ ವಿಡಿಯೊ ಆಟಗಳನ್ನು ಹಾಗೆ ಓದುತ್ತೇವೆ. ಮಧ್ಯಾಹ್ನದ ಗಾಳಿ ಏರಿದಾಗ, ವಾಚನದ ಮನೆಯ ಕಿಟಕಿಗಳಿಗೆ ಒದ್ದೆ ಗೋಣಿ ಇಳಿಬಿಟ್ಟು, ಸುಣ್ಣ ಬಳಿದ ಗೋಡೆಯ ಮೇಲೆ ಆಟವನ್ನು ಹಾಯಿಸುತ್ತೇವೆ. ಒಬ್ಬರು ಗುಂಡಿಪೆಟ್ಟಿಗೆ ಹಿಡಿದು ಆಡುತ್ತಾರೆ. ನೀವು ಬೆರಳುಗಳಲ್ಲಿ ಹಿಡಿದು ಒತ್ತುತ್ತಿದ್ದಿರಲ್ಲ, ಅದೇ ಸಾಧನ. ಅವರನ್ನು ಕೈಯವರು ಎನ್ನುತ್ತೇವೆ. ಇನ್ನೊಬ್ಬರು ಕಟ್ಟೆಯ ಮೇಲೆ ನಿಂತು, ಗೋಡೆಯಲ್ಲಿ ನಡೆಯುವುದಕ್ಕೆ ಅರ್ಥ ಹೇಳುತ್ತಾರೆ. ಅವರು ಅರ್ಥದವರು. ಕೈಯವರು ಮಾತಾಡುವಂತಿಲ್ಲ, ಅರ್ಥದವರು ಪೆಟ್ಟಿಗೆ ಮುಟ್ಟುವಂತಿಲ್ಲ. ಆಡಿದವರು ಆಟದ ಮೋಹಕ್ಕೆ ಸಿಕ್ಕಿರುತ್ತಾರೆ, ಅವರ ಮಾತು ನಂಬುವಂಥದ್ದಲ್ಲ ಎಂಬುದು ನಮ್ಮ ಹಿರಿಯ ಕರಪತ್ರದವರ ವಾದ. ಹೀಗಾಗಿ ವಾಚನ ಮುಗಿದ ಮೇಲೂ, ಮುಂದಿನ ಆಷಾಢದವರೆಗೆ, ಕೈಯವರು ಆ ಆಟದ ಬಗ್ಗೆ ಎಲ್ಲಿಯೂ ಬಾಯಿ ತೆರೆಯಬಾರದು. ಈ ನಿಯಮ ನನಗೆ ಬಹಳ ನ್ಯಾಯವಾಗಿ ಕಾಣುತ್ತಿತ್ತು.

ಇಷ್ಟು ಬಿಗಿ ಯಾಕೆ ಎಂದರೆ, ಒಂದು ಆಟ ಓಡಿಸಲು ಒಂದು ಓಣಿಯ ಗಾಳಿಪಾಲು ಬೇಕು. ಗಾಳಿಪಾಲು ಎಂದರೆ ಯಂತ್ರದಿಂದ ಪ್ರತಿ ಮನೆಗೆ ಬರುವ ವಿದ್ಯುತ್ತಿನ ಹಂಚಿಕೆ. ಆಟ ಓಡಿದ ದಿನ ಆ ಓಣಿಯಲ್ಲಿ ಗಿರಣಿ ತಿರುಗುವುದಿಲ್ಲ. ಜನ ಬೀಸುಕಲ್ಲು ತಿರುಗಿಸುತ್ತ, ಈ ಆಟ ನಮ್ಮ ಹಿಟ್ಟಿಗೆ ಸಮವೇ ಎಂದು ಕೇಳುತ್ತಾರೆ. ಕೇಳುವುದು ಸರಿ. ಆದ್ದರಿಂದ ನಾವು ಪ್ರತಿ ಆಟವನ್ನೂ ಬಗೆದು ನೋಡುತ್ತೇವೆ. ಇದರಲ್ಲಿ ಯಾವ ಮನೆಯ ಬಾಗಿಲು ತೆರೆಯುತ್ತದೆ, ಯಾವುದು ಬರೀ ಗೋಡೆಗೆ ಬರೆದ ಬಾಗಿಲು? ಯಾರಿಗೆ ಹೆಸರಿದೆ, ಯಾರು ಬರೀ ಹೊಡೆಸಿಕೊಳ್ಳಲು ಬರುತ್ತಾರೆ? ಏನು ಮಾಡಿದರೆ ತುತ್ತೂರಿ ಊದುತ್ತದೆ, ಏನು ಮಾಡಿದರೆ ಆಟ ಸುಮ್ಮನಿರುತ್ತದೆ? ನೀವು ಆಟವಾಡಿ ಮಲಗುತ್ತಿದ್ದಿರಿ. ನಾವು ಅದರ ನಿಯಮಗಳಲ್ಲಿ ನಿಮ್ಮ ಕಾಲದ ಮನಸ್ಸನ್ನು ಹುಡುಕುತ್ತೇವೆ. ಅದು ಅಲ್ಲಿದೆ ಎಂದು ನಾನು ಈಗಲೂ ನಂಬುತ್ತೇನೆ.

ಈ ಆಷಾಢದಲ್ಲಿ ನನಗೆ ಬಂದದ್ದು ಕಣಿವೆ ಆಟ. ಡಬ್ಬಿಯ ಮೇಲಿನ ಹೆಸರು ಉಜ್ಜಿಹೋಗಿರುವುದರಿಂದ ನಾವಿಟ್ಟ ಹೆಸರು ಅದು. ಯಾವ ದೇಶದ ಕಣಿವೆಯೋ ತಿಳಿಯದು. ಆಡುವವರು ಒಂದು ದೊಡ್ಡ ಅಣೆಕಟ್ಟು ಕಟ್ಟಬೇಕು. ನೀರು ನಿಲ್ಲಬೇಕಾದ ಜಾಗದಲ್ಲಿ ಗುಡಿಸಲುಗಳ ಒಂದು ಊರಿದೆ. ಊರಿಗೆ ಬೆಂಕಿಯಿಟ್ಟರೆ ಕೆಲಸ ಬೇಗ ಮುಗಿಯುತ್ತದೆ, ತುತ್ತೂರಿ ಊದುತ್ತದೆ, ಆಕಾಶದಿಂದ ಹೂವು ಬೀಳುತ್ತದೆ. ಸುಡದೆಯೂ ಆಡಬಹುದು. ಕಾಲುವೆಯನ್ನು ಗುಡ್ಡದ ಹಿಂದಿನಿಂದ ಸುತ್ತಿ ಒಯ್ಯಬೇಕು. ಅದಕ್ಕೆ ಬಹಳ ಹೊತ್ತು ಬೇಕು, ಬಹಳ ಸೂಕ್ಷ್ಮವಾದ ಕೈ ಬೇಕು. ಕೊನೆಗೆ ತುತ್ತೂರಿಯೂ ಇಲ್ಲ, ಹೂವೂ ಇಲ್ಲ. ಊರು ಇದ್ದ ಹಾಗೇ ಇರುತ್ತದೆ, ಅಷ್ಟೇ.

ನನಗೆ ಸಿಕ್ಕ ಕೈಯವಳು ಹುಸೇನಬಿ. ನಮ್ಮ ಊರಿನ ಸೂಲಗಿತ್ತಿ. ಆಸ್ಪತ್ರೆ ಇರುವುದು ಹುಬ್ಬಳ್ಳಿಯಲ್ಲಿ, ರಸ್ತೆ ಅರ್ಧಕ್ಕೇ ಮುಗಿಯುತ್ತದೆ. ಹಾಗಾಗಿ ನನ್ನ ವಯಸ್ಸಿನವರೆಲ್ಲ ಈ ಲೋಕದಲ್ಲಿ ಮೊದಲು ಮುಟ್ಟಿದ್ದು ಅವಳ ಕೈಯನ್ನೇ. ಅವಳು ಸಂಕೋಚದ ಹೆಂಗಸಲ್ಲ. ತನ್ನ ಕೈಯನ್ನು ತಾನೇ ಹೊಗಳಿಕೊಳ್ಳುತ್ತಾಳೆ, ತಂಬಾಕು ಕೇಳಿ ತಿನ್ನುತ್ತಾಳೆ, ತಾಲೀಮಿನಲ್ಲಿ ಕೈಯವರು ಮಾತಾಡಬಹುದಾದ್ದರಿಂದ ನನ್ನ ತಲೆ ತಿನ್ನುತ್ತಿದ್ದಳು.

ಮೊದಲ ತಾಲೀಮಿನಲ್ಲಿ ಅವಳು ಊರಿನ ಮುಂದೆ ಸುಮ್ಮನೆ ನಿಂತುಬಿಟ್ಟಳು. ಬೆಂಕಿಯ ಗುಂಡಿ ಯಾಕೆ ಒತ್ತುತ್ತಿಲ್ಲ ಎಂದು ಕೇಳಿದೆ.

“ಆ ಮೂಲ್ಯಾಗಿನ ಮುದುಕೀನ ನೋಡಲೇ, ಇನ್ನೂ ರೊಟ್ಟಿ ಬಡ್ಯಾಕತ್ತಾಳ. ರೊಟ್ಟಿ ಮುಗೀಲಿ ತಡಿ.”

“ಅಕೀ ರೊಟ್ಟಿ ಮುಗ್ಯಾಂಗಿಲ್ಲ ಚಿಗವ್ವ. ಅದು ಚಿತ್ರ. ಯಾವಾಗ ನೋಡಿದ್ರೂ ಬಡೀತನ ಇರ್ತಾಳ.”

“ಹಂಗಾರ ನಾನೂ ಕಾಯ್ತೀನಿ. ಬಸರಿ ಹೆಂಗಸರ ಕಾಲಬುಡಕ್ಕ ಕುಂತು ಕಾಯಾಕಿಗೆ ಇದೇನ್ ದೊಡ್ಡದು.”

ಅವಳು ಕಾಲುವೆಯನ್ನು ಗುಡ್ಡದ ಹಿಂದಿನಿಂದ ಸುತ್ತಿಸಿದಳು. ಮರುದಿನವೂ ಹಾಗೇ ಮಾಡಿದಳು. ಗುಂಡಿಗಳ ಮೇಲೆ ಅವಳ ಬೆರಳು ಓಡುವುದನ್ನು ನಾನು ನೋಡುತ್ತಿದ್ದೆ. ಮಣ್ಣು ಎಲ್ಲಿ ಕುಸಿಯುತ್ತದೆ ಎಂಬುದು ಅವಳಿಗೆ ಮೊದಲೇ ತಿಳಿಯುತ್ತಿತ್ತು. ಊರು ಉಳಿಯಿತು. ಆಟ ಏನೂ ಹೇಳದೆ ನಿಂತಿತು. ಗುಡಿಸಲುಗಳಲ್ಲಿ ಒಂದೊಂದಾಗಿ ದೀಪ ಹತ್ತಿದವು. ನನಗೆ ಸಂತೋಷವಾಯಿತು, ಕೂಡಲೇ ಸಿಟ್ಟು ಬಂತು. ನನ್ನ ಅರ್ಥ ಆಗಲೇ ಸಿದ್ಧವಾಗಿತ್ತು. ಈ ಆಟ ಜನರನ್ನು ಒಕ್ಕಲೆಬ್ಬಿಸುವುದನ್ನು ಕಲಿಸುತ್ತದೆ, ಆಡಿದವರ ಕೈಗೆ ಅದು ಅಭ್ಯಾಸವಾಗಿ ಉಳಿಯುತ್ತದೆ, ನಿಮ್ಮ ಕಾಲ ಹಾಳಾದದ್ದು ಹೀಗೆ ಎಂದು ನಾನು ಕರಪತ್ರವನ್ನೂ ಬರೆದಿಟ್ಟಿದ್ದೆ. ಅದರಲ್ಲಿ ಆ ದೀಪಗಳಿಗೆ ಜಾಗವಿರಲಿಲ್ಲ.

“ವಾಚನದ ದಿನ ಸುಟ್ಟು ತೋರಸಬೇಕು ಚಿಗವ್ವ,” ಎಂದೆ. “ಈ ಆಟ ಎಂಥಾದ್ದಂತ ಮಂದಿ ನೋಡಬೇಕು.”

“ಸುತ್ತು ಹಾಕಿ ಒಯ್ಯೋದು ತೋರಸಬಾರದೇನ?”

“ಅದನ್ನ ತೋರಿಸಿದ್ರ ಆಟ ಒಳ್ಳೇದು ಅಂದ್ಕೋತಾರ.”

“ಒಂದೀಟು ಒಳ್ಳೇದೂ ಇರಬಹುದಲ್ಲ?”

ಇಲ್ಲ ಎಂದೆ. ಅವಳು ಪೆಟ್ಟಿಗೆಯನ್ನು ಸೆರಗಿನಿಂದ ಒರೆಸಿ ಕೆಳಗಿಟ್ಟಳು. “ಆತ್ ನಮ್ಮವ್ವ. ಕಟ್ಟೀ ಮ್ಯಾಲೆ ನಿಲ್ಲಾಕಿ ನೀನು. ನಾಳೆ ಮಂದಿ ಕೇಳಿದ್ರ ನಾ ಮಾತಾಡಾಂಗಿಲ್ಲ, ಅದೊಂದು ನೆನಪಿಟ್ಕೋ.” ನಾನು ನೆನಪಿಡಲಿಲ್ಲ. ಅವಳು ಒಪ್ಪಿದಳಲ್ಲ ಎಂದು ಖುಷಿಯಲ್ಲಿ ಮನೆಗೆ ಹೋದೆ.

ವಾಚನದ ದಿನ ಮನೆ ಕಿಕ್ಕಿರಿದಿತ್ತು. ಮುಂಡರಗಿಯಿಂದಲೂ ಜನ ಬಂದಿದ್ದರು. ಹುಸೇನಬಿ ಊರಿಗೆ ಬೆಂಕಿ ಹಚ್ಚಿದಳು. ರೊಟ್ಟಿ ಬಡಿಯುವ ಮುದುಕಿಯ ಗುಡಿಸಲು ಕೊನೆಗೆ ಉರಿಯಿತು. ತುತ್ತೂರಿ ಊದಿ ಹೂವು ಬಿದ್ದಾಗ ನಾನು ಕಟ್ಟೆಯ ಮೇಲೆ ನಿಂತು, ಇದು ಆಟವಲ್ಲ, ಇದು ಅಭ್ಯಾಸ, ಇದು ತಾಲೀಮು, ಈ ಬೆರಳುಗಳನ್ನು ನೋಡಿ ಎಂದು ಕೂಗಿದೆ. ಜನ ನೋಡಿದರು. ಗೋಡೆಯನ್ನಲ್ಲ, ಅವಳ ಬೆರಳುಗಳನ್ನು. ನನ್ನ ಮಾತು ಅಷ್ಟು ನಾಟಿತೆಂದು ನನಗೆ ಹೆಮ್ಮೆಯಾಯಿತು. ಜನ ನನ್ನ ಕರಪತ್ರವನ್ನು ನಕಲು ಮಾಡಿಕೊಂಡು ಲಕ್ಕುಂಡಿಯವರೆಗೂ ಒಯ್ದರು.

ಮುಂದಿನದು ಒಮ್ಮೆಗೇ ಆಗಲಿಲ್ಲ. ಮೊದಲು ಕುಂಬಾರರ ಮನೆಯವರು ಬಾಣಂತನಕ್ಕೆ ಅವಳನ್ನು ಕರೆಯಲಿಲ್ಲ, ಮುಂಡರಗಿಯಿಂದ ಬೇರೆಯವಳನ್ನು ಕರೆಸಿದರು. ಏನೋ ಸಂಬಂಧದವರಿರಬೇಕು ಎಂದುಕೊಂಡೆ. ಆಮೇಲೆ ಕೆಳಗಿನ ಓಣಿಯ ಹುಡುಗಿಯೊಬ್ಬಳನ್ನು ನೋವು ಶುರುವಾದ ಮೇಲೆ ಗಾಡಿಯಲ್ಲಿ ಹಾಕಿಕೊಂಡು ಮುಂಡರಗಿಗೆ ಹೊರಟರು. ದಾರಿಯಲ್ಲೇ ಹೆರಿಗೆಯಾಯಿತು. ಕೂಸು ಉಳಿಯಿತು. ಹುಡುಗಿ ಇನ್ನೂ ಎದ್ದು ಓಡಾಡಿಲ್ಲ. ಹುಸೇನಬಿಯ ಮನೆ ಇರುವುದು ಅವಳ ಮನೆಯ ಎದುರಿಗೆ. ಯಾಕೆ ಹೀಗೆ ಮಾಡಿದಿರಿ ಎಂದು ಯಾರೋ ಕೇಳಿದರೆ ಅವರ ಮನೆಯವರು ನನ್ನ ಸಾಲನ್ನೇ ಹೇಳಿದರಂತೆ: ಆಟದಲ್ಲಿ ಮಾಡಿದ್ದು ಕೈಗೆ ಅಭ್ಯಾಸವಾಗಿ ಉಳಿಯುತ್ತದೆ. ಹುಸೇನಬಿ ನಿಯಮ ಮೀರಲಿಲ್ಲ. ತಾನು ಸುಡದೆ ಬಿಟ್ಟ ಊರಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಕೊಪ್ಪಳದ ಕಡೆ ತಂಗಿಯಿದ್ದಾಳೆ, ಅಲ್ಲಿಗೆ ಹೋಗುತ್ತೇನೆ ಎಂದು ಪಾತ್ರೆ ಕಟ್ಟತೊಡಗಿದಳು.

ನಾನು ಆಗಲೂ ಸುಮ್ಮನಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಕರಪತ್ರ ತಪ್ಪೆಂದರೆ ಜನ ಆಟದ ಓದನ್ನೇ ಬಿಟ್ಟುಬಿಡುತ್ತಾರೆ, ದೊಡ್ಡ ಕೆಲಸದಲ್ಲಿ ಒಬ್ಬಿಬ್ಬರಿಗೆ ತೊಂದರೆ ಆಗಿಯೇ ಆಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಕಣಿವೆ ಆಟದಲ್ಲಿ ಅಣೆಕಟ್ಟು ಕಟ್ಟುವವರೂ ಸರಿಸುಮಾರು ಇದನ್ನೇ ಹೇಳುತ್ತಾರೆ. ಆ ಸಾಲಿಗೆ ನಾನು ವಾಚನದಲ್ಲಿ ಬಹಳ ಹೊತ್ತು ಅರ್ಥ ಹೇಳಿದ್ದೆ.

ನನ್ನ ಅಕ್ಕ ಕಸ್ತೂರಿಗೆ ಇದೇ ತಿಂಗಳು ದಿನ ತುಂಬಿತ್ತು. ಹುಸೇನಬಿಗೆ ಹೇಳಿ ಬರುತ್ತೇನೆ ಎಂದು ನಾನು ಎದ್ದಾಗ ಅವ್ವ ಬಾಗಿಲಿಗೆ ಅಡ್ಡ ನಿಂತಳು.

“ಸುಟ್ಟ ಕೈಲೆ ನನ್ನ ಮಗಳ ಕೂಸು ಹಿಡಸಂಗಿಲ್ಲ ನಾ.”

“ಅವ್ವಾ, ಅದು ಆಟ.”

“ಈಗ ಆಟ ಆತೇನ? ಅವತ್ತು ಕಟ್ಟೀ ಮ್ಯಾಲೆ ನಿಂತು ಆಟ ಅಲ್ಲ, ಆಟ ಅಲ್ಲ ಅಂತ ಒದರಿದಾಕಿ ಯಾರು? ನಮ್ಮ ಮನ್ಯಾಗಿನಾಕಿನ ಅಲ್ಲೇನು?”

ಒಳಗಿನಿಂದ ಅಕ್ಕ ಕೂಗಿದಳು. “ನನಗ ಹುಸೇನಬಿನ ಬೇಕು. ಇಲ್ಲಾಂದ್ರ ನೀವಿಬ್ಬರೂ ಕೂಡಿ ಹಡದು ಕೊಡ್ರಿ.” ನಗುತ್ತಲೇ ಹೇಳಿದಳು. ಆದರೆ ನಾನು ಒಳಗೆ ಹೋಗಿ ನೋಡಿದಾಗ ಅವಳ ಮುಖ ಬಿಳಚಿಕೊಂಡಿತ್ತು. ಗಾಡಿಯ ಸುದ್ದಿ ಅವಳಿಗೂ ಗೊತ್ತಿತ್ತು.

ನಿನ್ನೆ ಬೇರೆ ಆಟದ ವಾಚನವಿತ್ತು. ಜನ ಸೇರಿದ್ದರು. ನಾನು ಕಟ್ಟೆ ಹತ್ತಿ ನಡೆದದ್ದೆಲ್ಲವನ್ನೂ ಹೇಳಿದೆ. ಪ್ರತಿ ತಾಲೀಮಿನಲ್ಲೂ ಹುಸೇನಬಿ ಊರು ಉಳಿಸಿದ್ದಳು, ಸುಡಿಸಿದವಳು ನಾನು, ಇನ್ನೊಂದು ದಾರಿಯಿದೆ ಎಂಬುದನ್ನು ನಿಮ್ಮಿಂದ ಮುಚ್ಚಿಟ್ಟೆ ಎಂದೆ. ಯಂತ್ರ ನೋಡಿಕೊಳ್ಳುವ ಮೌನೇಶಪ್ಪನನ್ನು ಕಾಡಿ ಕಣಿವೆ ಆಟ ಹಾಕಿಸಿ, ಎಲ್ಲರ ಮುಂದೆ ಗುಂಡಿಪೆಟ್ಟಿಗೆಯನ್ನು ನಾನೇ ಎತ್ತಿಕೊಂಡೆ. ಅರ್ಥದವರು ಪೆಟ್ಟಿಗೆ ಮುಟ್ಟಿದ ಮೇಲೆ ಮತ್ತೆ ಕಟ್ಟೆ ಹತ್ತುವಂತಿಲ್ಲ. ಅದು ಗೊತ್ತಿದ್ದೇ ಮುಟ್ಟಿದೆ. ಆ ಇನ್ನೊಂದು ದಾರಿ ತೋರಿಸಿ ನನ್ನ ಓದಿನ ತಪ್ಪನ್ನು ಓದಿನಿಂದಲೇ ತಿದ್ದುತ್ತೇನೆಂದು ನನಗೆ ಭರವಸೆಯಿತ್ತು.

ನನಗೆ ಆಡಲು ಬರಲಿಲ್ಲ. ಇಷ್ಟು ವರ್ಷ ಆಟಗಳ ಬಗ್ಗೆ ಮಾತಾಡಿದವಳು ನಾನು ಒಂದನ್ನೂ ಆಡಿರಲಿಲ್ಲ. ಕಾಲುವೆಯನ್ನು ಗುಡ್ಡದ ಹಿಂದೆ ತಿರುಗಿಸಲು ಹೋಗಿ ಏರಿ ಒಡೆದೆ. ನೀರು ಇಳಿದು ಬಂದು ಇಡೀ ಊರನ್ನು ಮುಳುಗಿಸಿತು. ಉಳಿಸಬೇಕೆಂದು ಹೊರಟವಳ ಕೈಯಲ್ಲೇ ಊರು ಹೋಯಿತು. ಆಮೇಲೆ ಹಿಂದಿನಿಂದ ಯಾರೋ, “ಹುಸೇನಬಿ ಸುಟ್ಟಿದ್ಳು, ಈಕಿ ಮುಳುಗಿಸಿದ್ಳು. ಹೊಲಕ್ಕ ನೀರ್ ಬಿಡಾಕ ಮಾತ್ರ ಈಕೀನ ಕರೀಬ್ಯಾಡ್ರಿ,” ಎಂದರು. ಮನೆಯೆಲ್ಲ ನಕ್ಕಿತು. ಮೂಲೆಯಲ್ಲಿ ನಿಂತಿದ್ದ ಹುಸೇನಬಿಯೂ ಬಾಯಿಗೆ ಸೆರಗು ಹಿಡಿದು ನಕ್ಕಳು. “ಕೂಸನ್ನಂತೂ ಈಕೀ ಕೈಯಾಗ ಕೊಡಬ್ಯಾಡ್ರಪಾ,” ಎಂದು ಇನ್ನೊಬ್ಬರು ಸೇರಿಸಿದರು.

ಮನೆ ಮುಟ್ಟುವಷ್ಟರಲ್ಲಿ ಆ ತಮಾಷೆ ನಿಜವಾಗಿತ್ತು. ಸುಡಿಸಿದ್ದು ಶಿವಲೀಲಾ, ಮುಳುಗಿಸಿದ್ದೂ ಶಿವಲೀಲಾ, ಕೆಟ್ಟ ಕೈ ಅವಳದು ಎಂದು ನನ್ನ ಹೆಸರು ಹಿಡಿದು ಬಾವಿಕಟ್ಟೆಯಲ್ಲಿ ತೀರ್ಮಾನವಾಯಿತು. ಅವ್ವ ತಾನೇ ಹೋಗಿ ಹುಸೇನಬಿಯನ್ನು ಕರೆದುಕೊಂಡು ಬಂದಳು. ನನಗೆ ಬಾಣಂತಿ ಕೋಣೆಯ ಹೊಸ್ತಿಲು ದಾಟಬೇಡ ಎಂದಳು. ಆಗ ನಾನು ಹೇಳಬೇಕಿತ್ತು: ನನ್ನ ಕರಪತ್ರದ ಆ ಸಾಲನ್ನು ಯಾರೂ ಪರೀಕ್ಷಿಸಿ ನೋಡಿಲ್ಲ, ನಾನೂ ನೋಡಿಲ್ಲ, ಕೆಟ್ಟ ಕೈ ಎಂಬುದೇ ಇಲ್ಲ. ಹೇಳಲಿಲ್ಲ. ವಾದ ಶುರುವಾದರೆ ಹುಸೇನಬಿಯನ್ನು ಮತ್ತೆ ಕಳಿಸಿಬಿಡುತ್ತಾರೆಂಬ ಭಯವಿತ್ತು. ಅದು ಒಂದು ಕಾರಣ. ತಪ್ಪನ್ನೆಲ್ಲ ನಾನೇ ಹೊತ್ತು ನಿಂತದ್ದರಲ್ಲಿ ನನಗೊಂದು ಹಿತವಿತ್ತು, ಅದು ಇನ್ನೊಂದು. ಹೀಗೆ ಸುಳ್ಳು ಒಬ್ಬರ ಮೇಲಿಂದ ಇನ್ನೊಬ್ಬರ ಮೇಲೆ ಹೋಯಿತು, ಸಾಯಲಿಲ್ಲ. ನಾಳೆ ಇನ್ಯಾರ ಕೈ ಹಿಡಿಯುತ್ತದೋ ತಿಳಿಯದು.

ಇವತ್ತು ಬೆಳಿಗ್ಗೆ ಹೆರಿಗೆಯಾಯಿತು. ಅಕ್ಕ ಚೆನ್ನಾಗಿದ್ದಾಳೆ. ಹೆಣ್ಣುಕೂಸು. ನಾನು ಅಂಗಳದ ಕಟ್ಟೆಯ ಮೇಲೆ ಈ ಕಾಗದ ಶುರುಮಾಡಿಕೊಂಡು ಕುಳಿತಿದ್ದೆ. ಹುಸೇನಬಿ ಹಳೆಯ ಸೀರೆಯಲ್ಲಿ ಸುತ್ತಿದ ಕೂಸನ್ನು ತಂದು ನನ್ನ ಮುಂದೆ ಚಾಚಿದಳು.

“ಹಿಡಿ.”

“ಅಕೀ ಕೈಯಾಗ ಬ್ಯಾಡ ಹುಸೇನಬಿ,” ಎಂದು ಅವ್ವ ಒಳಗಿನಿಂದ ಓಡಿ ಬಂದಳು.

“ನಾ ನಿನ್ನ ಕೇಳಿಲ್ಲ ಕಾಶವ್ವ.” ಅವಳು ನನ್ನ ಕಡೆಗೆ ನೋಡಿದಳು. “ಹಿಡೀತಿಯೋ ಇಲ್ಲೋ? ನಾ ಮೈ ತೊಳ್ಕೋಬೇಕು.”

ನನ್ನ ಕೈ ಮೇಲೇಳಲಿಲ್ಲ. ಅವ್ವನ ಭಯಕ್ಕಲ್ಲ. ಒಡೆದ ಏರಿ ಕಣ್ಣ ಮುಂದೆ ಬಂತು, ಉರಿಯುವ ಗುಡಿಸಲುಗಳು ಬಂದವು, ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡೆ. ಊರನ್ನೆಲ್ಲ ನಂಬಿಸಿದವಳು ನಾನೇ ಎಲ್ಲರಿಗಿಂತ ಹೆಚ್ಚು ನಂಬಿದ್ದೆ ಎಂದು ಆಗ ಗೊತ್ತಾಯಿತು. ಹುಸೇನಬಿ ಸ್ವಲ್ಪ ಹೊತ್ತು ಕಾದಳು. ಸಿಟ್ಟಾಗಲಿಲ್ಲ, ಕನಿಕರವನ್ನೂ ತೋರಿಸಲಿಲ್ಲ. “ನನ್ನ ಪಾತ್ರಿ ಗಂಟು ಇನ್ನೂ ಬಿಚ್ಚಿಲ್ಲ ನಾ,” ಎಂದಳು. “ನಿಮ್ಮೂರ ನಂಬಾಕ ಬರಾಂಗಿಲ್ಲ. ಅದನ್ನ ಬರದು ಮುಗಿಸಿ ಬಾ.” ಕೂಸನ್ನು ಮತ್ತೆ ಒಳಗೆ ಒಯ್ದಳು.

ಈಗ ನಿಮ್ಮಲ್ಲಿ ಒಂದು ಬೇಡಿಕೆ. ನನ್ನ ಸಿಟ್ಟು ಹೋಗಿಲ್ಲ. ಕಣಿವೆ ಆಟ ಸುಡುವವರಿಗೆ ಹೂವು ಸುರಿಸುತ್ತದೆ, ಉಳಿಸುವವರಿಗೆ ಏನೂ ಕೊಡುವುದಿಲ್ಲ. ಅದನ್ನು ಮಾಡಿದವರು ಆ ಲೆಕ್ಕಕ್ಕೆ ಉತ್ತರ ಹೇಳಲೇಬೇಕು. ನಿಮ್ಮ ಆಟಗಳನ್ನು ಕಾವ್ಯದಷ್ಟೇ ಗಂಭೀರವಾಗಿ ಓದಿ, ನಿಮ್ಮ ಕಾಲದ ಕೆಟ್ಟದ್ದು ಅವುಗಳಲ್ಲಿ ಎಲ್ಲಿ ಕುಳಿತಿದೆ ಎಂದು ಹುಡುಕಿ, ಸಿಕ್ಕಾಗ ಹೆಸರು ಹಿಡಿದು ಹೇಳಿ. ಆದರೆ ಮೊದಲು ಆಡಿ. ಎಡವಿ, ಊರು ಮುಳುಗಿಸಿ, ನಾಚಿಕೊಂಡು ಮತ್ತೆ ಆಡಿ. ಬರೆಯುವಾಗ ಆಟ ಹೀಗೆ ಮಾಡುತ್ತದೆ ಎಂದು ಸುಮ್ಮನೆ ಬರೆಯಬೇಡಿ. ನೀವು ಯಾವ ದಾರಿ ಹಿಡಿದಿರಿ, ಯಾವುದನ್ನು ಬಿಟ್ಟಿರಿ, ಯಾಕೆ ಬಿಟ್ಟಿರಿ ಎಂದು ಬರೆಯಿರಿ. ನಿಮ್ಮ ಪಕ್ಕದಲ್ಲಿ ಕುಳಿತು ಬೇರೆ ಥರ ಆಡುವವರು ಇರುತ್ತಾರೆ. ಅವರಿಗೆ ಮಾತಾಡಲು ಬಿಡಿ. ಆಟದ ಡಬ್ಬಿಗಳು ನಮ್ಮ ತನಕ ಬಂದವು, ಆಡಿದವರ ಮಾತು ಬರಲಿಲ್ಲ. ಆ ಖಾಲಿ ಜಾಗದಲ್ಲಿ ನಮ್ಮಂಥವರು ನಿಂತು, ನಮಗೆ ಬೇಕಾದ್ದನ್ನು ಕೂಗಿದೆವು.

ಇದರ ಒಂದು ಪ್ರತಿಯನ್ನು ಡಬ್ಬಿಯಲ್ಲಿಡುತ್ತೇನೆ. ಇನ್ನೊಂದನ್ನು, ಕೆಟ್ಟ ಕೈ ಎಂಬುದಿಲ್ಲ ಎಂದು ದೊಡ್ಡ ಅಕ್ಷರದಲ್ಲಿ ಸೇರಿಸಿ, ಬಾವಿಕಟ್ಟೆಯ ಗೋಡೆಗೆ ಅಂಟಿಸುತ್ತೇನೆ. ಜನ ನಗಬಹುದು, ಹರಿದು ಹಾಕಬಹುದು. ಬರೀ ಅಂಟಿಸಿದರೆ ಯಾರೂ ನಂಬುವುದಿಲ್ಲವೆಂದೂ ಗೊತ್ತು.

ಒಳಗೆ ಕೂಸು ಮತ್ತೆ ಅಳುತ್ತಿದೆ. ಅವ್ವ ಬಾಗಿಲಲ್ಲೇ ಕುಳಿತಿದ್ದಾಳೆ. ನನಗೆ ಇನ್ನೂ ಹೆದರಿಕೆಯಿದೆ. ಹೆದರಿಕೆ ಹೋಗಲಿ ಎಂದು ಕಾದರೆ ಅಷ್ಟರಲ್ಲಿ ಈ ಕೂಸು ತಾನೇ ಎದ್ದು ನಡೆಯುತ್ತದೆ. ಬರೆಯುವುದನ್ನು ಇಲ್ಲಿಗೆ ನಿಲ್ಲಿಸಿ, ಕೂಸನ್ನು ಎತ್ತಿಕೊಳ್ಳಲು ಹೋಗುತ್ತಿದ್ದೇನೆ.

ಶಿವಲೀಲಾ
ಏಳನೆಯ ಗಾಳಿಯಂತ್ರದ ಮನೆಯವಳು